ಆ ಹಾಳೆ ಯಾರದು?

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಪಾಲನಾ ಮಂದಿರವೊಂದಕ್ಕೆ ಹೋಗಿ ಚಿತ್ರ ಹೇಳಿಕೊಡುತ್ತೇನೆ. ನಿಮ್ಮಲ್ಲಿ ಹಲವರು ಇದೇ ಕೆಲಸಕ್ಕೆ ಹೊರಟು ನಿಂತಿದ್ದೀರಿ. ಹಾಗಾಗಿ ನಾನು ಮಾಡಿದ ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ದಿನ ಬೋರ್ಡಿನ ಮೇಲೆ 'ನನ್ನ ಮನೆ' ಎಂದು ಬರೆದೆ. ಶಾಲೆಯಲ್ಲಿ ವರ್ಷಾನುಗಟ್ಟಲೆ ನನ್ನ ಮೊದಲ ಪಾಠ ಅದೇ: ಎರಡು ಗುಡ್ಡ, ನಡುವೆ ಸೂರ್ಯ, ಹೆಂಚಿನ ಮನೆ, ಪಕ್ಕದಲ್ಲೊಂದು ಅಡಿಕೆ ಮರ. ಐದಾರು ಮಕ್ಕಳು ಬರೆಯತೊಡಗಿದರು. ಉಳಿದವರು ಪೆನ್ಸಿಲ್ ಚೂಪು ಮಾಡುತ್ತ ಕುಳಿತರು, ಚೂಪಾಗಿದ್ದನ್ನೇ ಮತ್ತೆ ಚೂಪು ಮಾಡಿದರು. ಒಬ್ಬ ಹುಡುಗ ಎದ್ದು ನಿಂತು, "ಯಾವ ಮನೆ ಸಾರ್?" ಎಂದ. ತಲೆಹರಟೆ ಎಂದುಕೊಂಡೆ. ನಿಜಕ್ಕೂ ಅವನಿಗೆ ಗೊತ್ತಾಗಬೇಕಿತ್ತು: ಅಜ್ಜಿಯ ಮನೆಯೋ, ಚಿಕ್ಕಪ್ಪನ ಮನೆಯೋ, ಈ ಮಂದಿರವೋ?

ಈ ಮಕ್ಕಳೆಲ್ಲ ಅನಾಥರು ಎಂದು ಊರಿನವರು ತಿಳಿದಿರುತ್ತಾರೆ. ಹಾಗೇನಿಲ್ಲ, ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಇರುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಕೆಲವರು ಮರಳಿ ಮನೆಗೆ ಹೋಗುತ್ತಾರೆ, ಕೆಲವರು ಮಂದಿರದಲ್ಲಿ ಉಳಿಯುತ್ತಾರೆ, ಕೆಲವರನ್ನು ಸಾಕು ಕುಟುಂಬಕ್ಕೆ ಒಪ್ಪಿಸಲಾಗುತ್ತದೆ. ಸಾಕುವುದೆಂದರೆ ದತ್ತು ಅಲ್ಲ, ಕಾನೂನಿನಲ್ಲಿ ಅವೆರಡೂ ಬೇರೆ ಬೇರೆ. ಅಂತೂ ಈ ಮಗು ಒಂದು ಚೀಲ ಹಿಡಿದು ಜಾಗ ಬದಲಿಸುತ್ತಲೇ ಇರುತ್ತದೆ. ಚೀಲದಲ್ಲಿರುವ ಬಟ್ಟೆ ಯಾರೋ ಕೊಟ್ಟದ್ದು, ಪುಸ್ತಕ ಸರ್ಕಾರದ್ದು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಪ್ರದರ್ಶನ ಮಾಡೋಣವೆಂದು, ಚೆನ್ನಾಗಿರುವ ಹಾಳೆಗಳನ್ನು ಆರಿಸಿ ಯಾರನ್ನೂ ಕೇಳದೆ ಮನೆಗೆ ತಂದೆ. ಮುಂದಿನ ಭಾನುವಾರ ಒಬ್ಬಳು ಹುಡುಗಿ ಬಾಗಿಲಲ್ಲೇ ಅಡ್ಡ ನಿಂತು, "ನನ್ನ ನವಿಲು ಕೊಡಿ" ಎಂದಳು. ಬೇರೊಂದು ಮಂದಿರದಲ್ಲಿರುವ ತಮ್ಮನಿಗೆ ಅದನ್ನು ಕೊಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳಂತೆ. ನವಿಲು ಆಗ ಕಟ್ಟು ಹಾಕುವವನ ಅಂಗಡಿಯಲ್ಲಿತ್ತು. ಎರಡು ವಾರ ಕಳೆದು ತಂದುಕೊಟ್ಟಾಗ ಮೂಲೆಯೊಂದು ಮಡಚಿತ್ತು. ಅವಳು ಉಗುರಿನಿಂದ ಆ ಮಡಿಕೆಯನ್ನು ನೀವಿ ನೀವಿ ನೋಡಿದಳು, ಏನೂ ಅನ್ನಲಿಲ್ಲ. ಒಂದು ತಿಂಗಳು ನನ್ನೆದುರು ಗೆರೆ ಎಳೆಯಲಿಲ್ಲ.

ಅಂದಿನಿಂದ ಪ್ರತಿ ಮಗುವಿಗೂ ರಟ್ಟಿನ ಫೈಲು, ಮೇಲೆ ಮಗು ತಾನೇ ಬರೆದ ಹೆಸರು. ಮೇಲ್ವಿಚಾರಕರನ್ನು ಕೇಳಿ ಬೀರುವಿನ ಒಂದು ಅಂಕಣ ಪಡೆದೆ. ಮಲೆನಾಡಿನ ಆಷಾಢ ನಿಮಗೆ ಗೊತ್ತಲ್ಲ, ಹಾಳೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ, ಜಲವರ್ಣ ಸಂಜೆಯಾದರೂ ಒಣಗುವುದಿಲ್ಲ. ಮಳೆಗಾಲಕ್ಕೆ ಕ್ರೇಯಾನ್ ಸಾಕು. ಬಿಸಿಲು ಬಿದ್ದ ದಿನ ಫೈಲುಗಳನ್ನೆಲ್ಲ ಜಗುಲಿಯಲ್ಲಿ ಹರಡಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

'ನನ್ನ ಮನೆ' ಬಿಟ್ಟ ಮೇಲೆ ಕೈ ಹಿಡಿದದ್ದು ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುವುದನ್ನು ನೋಡಿದ್ದೀರಿ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಎಲ್ಲವೂ ಗೆರೆಯಿಂದ ಶುರುವಾಗುವುದರಿಂದ 'ನನಗೆ ಚಿತ್ರ ಬರುವುದಿಲ್ಲ' ಎನ್ನುವ ಮಗುವಿಗೂ ಅಲ್ಲೊಂದು ಕೆಲಸವಿದೆ. ಯಾರ ಬಗ್ಗೆಯೂ ಏನೂ ಹೇಳಿಕೊಳ್ಳಬೇಕಿಲ್ಲ. ಒಬ್ಬರ ಗೆರೆ ಮುಗಿದಲ್ಲಿ ಇನ್ನೊಬ್ಬರದು ಶುರು. ಅಳತೆಪಟ್ಟಿ ಮಾತ್ರ ಕೊಡಬೇಡಿ, ಸೊಟ್ಟಗಾದರೆ ಆಗಲಿ.

ಬಣ್ಣ ನೋಡಿ ಮನಸ್ಸು ಓದಲು ಹೋಗಬೇಡಿ. ಒಬ್ಬ ಹುಡುಗ ಹಾಳೆಯನ್ನೆಲ್ಲ ಕಪ್ಪು ಮಾಡಿದ. ನನಗೆ ಕಸಿವಿಸಿಯಾಯಿತು. ಮೆಲ್ಲಗೆ ವಿಚಾರಿಸಿದರೆ, "ಕರೆಂಟ್ ಹೋಗಿದೆ ಸಾರ್" ಎಂದ. ಆದರೆ ಮಗು ತಾನಾಗಿ ಹೊಡೆತದ್ದೋ ಕಿರುಕುಳದ್ದೋ ಮಾತು ಎತ್ತಿದರೆ ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಸಮಿತಿಗೆ ತಿಳಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇನ್ನು ಮೊಬೈಲ್ ಜೇಬಿನಲ್ಲೇ ಇರಲಿ. ಪಾಲನೆಯಲ್ಲಿರುವ ಮಗುವಿನ ಹೆಸರನ್ನಾಗಲೀ ಫೋಟೋವನ್ನಾಗಲೀ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ನಿಮ್ಮ ಸೇವೆಯ ಸ್ಟೇಟಸ್ ಇಲ್ಲದಿದ್ದರೂ ಭಾನುವಾರ ಸಾಗುತ್ತದೆ.

ಆ ನವಿಲಿನ ಹುಡುಗಿಯನ್ನು ಕೆಲವು ತಿಂಗಳ ಹಿಂದೆ ಒಂದು ಸಾಕು ಕುಟುಂಬಕ್ಕೆ ಒಪ್ಪಿಸಿದರು. ಹೊರಡುವ ದಿನ ನಾನಲ್ಲಿದ್ದೆ. ಸಿಬ್ಬಂದಿ ರಿಜಿಸ್ಟರಿನಲ್ಲಿ ಅವಳ ಸಾಮಾನು ಬರೆದುಕೊಳ್ಳುತ್ತಿದ್ದರು: ಬಟ್ಟೆ ನಾಲ್ಕು ಜೊತೆ, ಚಪ್ಪಲಿ ಒಂದು ಜೊತೆ, ನೋಟ್ ಪುಸ್ತಕ ಆರು. ಸಹಿ ಮಾಡು ಎಂದು ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ರಟ್ಟಿನ ಫೈಲನ್ನು ಮೇಜಿನ ಮೇಲಿಟ್ಟು ಕಾದಳು. ಅವರು ಅವಳ ಮುಖ ನೋಡಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಚಿತ್ರದ ಫೈಲು, ಒಂದು.' ಆಮೇಲೆ ಸಹಿ ಹಾಕಿದಳು.