ಹಾರ್ಮೋನ್ ತಡೆಯಲು ಹಾರ್ಮೋನ್ ಇಂಜೆಕ್ಷನ್ ಯಾಕೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಆರೇಳು ವರ್ಷದ ಹುಡುಗಿಗೆ ಎದೆ ಬೆಳೆಯಲು ಶುರುವಾಗುತ್ತದೆ, ಅಪ್ಪ ಅಮ್ಮ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ, ಡಾಕ್ಟರು ರಕ್ತ ಪರೀಕ್ಷೆ, ಕೈಯ ಎಕ್ಸ್‌ರೇ ಎಲ್ಲ ನೋಡಿ ಇಷ್ಟು ಬೇಗ ಮೈನೆರೆಯುವುದನ್ನು ತಡೆಯಲು ಲ್ಯುಪ್ರೊಲೈಡ್ ಅನ್ನುವ ಇಂಜೆಕ್ಷನ್ ಬರೆದುಕೊಡುತ್ತಾರೆ. ಮನೆಗೆ ಬಂದು ಓದಿದರೆ, ಅದು ಮೈನೆರೆಯಲು ಕಾರಣವಾಗುವ ಹಾರ್ಮೋನಿನ ನಕಲು! ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಲ್ವಾ ಅಂತ ಅನಿಸುವುದು ಸಹಜ.

ಆ ಮೂಲ ಹಾರ್ಮೋನಿನ ಹೆಸರು ಜಿಎನ್‌ಆರ್‌ಎಚ್. ಹತ್ತೇ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಮೆದುಳಿನ ಹೈಪೋಥಲಾಮಸ್‌ನಿಂದ ಹೊರಟು, ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಕೋಶಗಳ ಮೇಲಿನ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನ್‌ಗೆ, ಅಂಟಿಕೊಳ್ಳುತ್ತದೆ. ಅಂಟಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳು ರಕ್ತಕ್ಕೆ ಬೀಳುತ್ತವೆ. ಅಂಡಾಶಯಕ್ಕೆ, ವೃಷಣಕ್ಕೆ ಕೆಲಸ ಶುರು ಮಾಡಿ ಅಂತ ಹೇಳುವುದು ಇವೇ.

ಆದರೆ ಜಿಎನ್‌ಆರ್‌ಎಚ್ ಸದಾ ಸುರಿಯುವುದಿಲ್ಲ. ಬಿಟ್ಟು ಬಿಟ್ಟು ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಈ ಬಿಡುವೇ ಮುಖ್ಯ ಅಂತ ತೋರಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ಅರ್ನ್‌ಸ್ಟ್ ನೋಬಿಲ್ ಅವರ ತಂಡ, 1978ರಲ್ಲಿ. ಸ್ವಂತ ಜಿಎನ್‌ಆರ್‌ಎಚ್ ನಿಂತುಹೋಗಿದ್ದ ರೀಸಸ್ ಕೋತಿಗಳಿಗೆ ಗಂಟೆಗೊಮ್ಮೆ, ಬರೀ 6 ನಿಮಿಷ, ನಿಮಿಷಕ್ಕೆ 1 ಮೈಕ್ರೋಗ್ರಾಂನಂತೆ ಅದನ್ನು ಕೊಟ್ಟರು. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಮರಳಿ ಬಂದವು. ಅದೇ ಹಾರ್ಮೋನನ್ನು ನಿಲ್ಲಿಸದೆ ಹರಿಸಿದಾಗ ಎರಡೂ ಕುಸಿದವು. ಮತ್ತೆ ಗಂಟೆಗೊಮ್ಮೆ ಕೊಡಲು ಶುರು ಮಾಡಿದರು, ಎರಡೂ ಮತ್ತೆ ಏರಿದವು. ನನಗಂತೂ ಇಷ್ಟು ಸ್ಪಷ್ಟವಾಗಿ ಮಾತಾಡುವ ಪ್ರಯೋಗಗಳು ಶರೀರಶಾಸ್ತ್ರದಲ್ಲಿ ತುಂಬಾ ಕಡಿಮೆ ಅನಿಸುತ್ತದೆ.

ಒಳಗೆ ಆಗುವುದೇನು? ಸಂದೇಶ ನಿಲ್ಲದೆ ಬರುತ್ತಿದ್ದರೆ ಕೋಶ ತನ್ನ ರಿಸೆಪ್ಟರ್‌ಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮೇಲೆ ಉಳಿದವುಗಳ ಮಾತೂ ಒಳಗೆ ಸರಿಯಾಗಿ ತಲುಪುವುದಿಲ್ಲ. ಹೊರಗೆ ಹಾರ್ಮೋನ್ ಬೇಕಾದಷ್ಟಿದೆ, ಕೇಳುವವರೇ ಇಲ್ಲ. ಲ್ಯುಪ್ರೊಲೈಡ್ ಮಾಡುವುದೂ ಇದನ್ನೇ, ಬಿಡುವೇ ಕೊಡದೆ ಸಂದೇಶ ಕಳಿಸುತ್ತಲೇ ಇರುತ್ತದೆ. ಇಲ್ಲೊಂದು ವಿಶೇಷ ಇದೆ. ಇದೇ ಬಗೆಯ ಹೆಚ್ಚಿನ ರಿಸೆಪ್ಟರ್‌ಗಳಿಗೆ ಕೋಶದೊಳಗೆ ಒಂದು ಬಾಲ ಇರುತ್ತದೆ, ಆ ಬಾಲ ಹಿಡಿದೇ ಅವನ್ನು ನಿಮಿಷಗಳಲ್ಲಿ ಸುಮ್ಮನಾಗಿಸಲಾಗುತ್ತದೆ. ಮನುಷ್ಯರ ಜಿಎನ್‌ಆರ್‌ಎಚ್ ರಿಸೆಪ್ಟರ್‌ಗೆ ಆ ಬಾಲವೇ ಇಲ್ಲ, ಹಾಗಾಗಿ ಅದು ಬೇಗ ಸುಮ್ಮನಾಗುವುದಿಲ್ಲ. ಅದಕ್ಕೇ ಲ್ಯುಪ್ರೊಲೈಡ್ ಕೊಟ್ಟ ಮೊದಲ ದಿನಗಳಲ್ಲಿ ಹಾರ್ಮೋನ್ ಇಳಿಯುವ ಬದಲು ಏರುತ್ತದೆ, ಕೆಲವು ಹುಡುಗಿಯರಿಗೆ ಸ್ವಲ್ಪ ರಕ್ತಸ್ರಾವವೂ ಆಗಬಹುದು. ಔಷಧಿ ತಪ್ಪಾಯಿತು ಅಂತ ಹೆದರಬೇಡಿ, ಆದರೆ ಡಾಕ್ಟರಿಗೆ ಖಂಡಿತ ತಿಳಿಸಿ.

ಬಿಡುವು ಎಷ್ಟು ಉದ್ದ ಅನ್ನುವುದಕ್ಕೂ ಅರ್ಥ ಇದೆ. ಜಿಎನ್‌ಆರ್‌ಎಚ್ ಬೇಗ ಬೇಗ ಬಂದರೆ ಎಲ್‌ಎಚ್ ಜಾಸ್ತಿ, ನಿಧಾನವಾಗಿ ಬಂದರೆ ಎಫ್‌ಎಸ್‌ಎಚ್ ಕಡೆಗೆ ವಾಲುತ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಒಂದು ತೊಂದರೆ) ಇರುವ ಅನೇಕ ಹೆಣ್ಣುಮಕ್ಕಳಲ್ಲಿ ಜಿಎನ್‌ಆರ್‌ಎಚ್ ಹೀಗೆ ಬೇಗ ಬೇಗ ಬರುತ್ತಿರುತ್ತದೆ. ಇನ್ನು ಜಿಎನ್‌ಆರ್‌ಎಚ್ ಬಾರದೆ ಮುಟ್ಟು ನಿಂತವರಿಗೆ, ಸಣ್ಣ ಪಂಪ್ ಕಟ್ಟಿ ಸುಮಾರು 90 ನಿಮಿಷಕ್ಕೊಮ್ಮೆ ಇದೇ ಹಾರ್ಮೋನ್ ಕೊಟ್ಟು ಅಂಡ ಬಿಡುಗಡೆ ಮಾಡಿಸುವ ಚಿಕಿತ್ಸೆಯೂ ಇದೆ.

ಮುಂದೆ ಮಗು ಆಗುತ್ತದೋ ಇಲ್ಲವೋ ಅಂತ ತಾಯಂದಿರು ಕೇಳುತ್ತಾರೆ. ಈ ಇಂಜೆಕ್ಷನ್ ಕೋಶವನ್ನು ಕೊಲ್ಲುವುದಿಲ್ಲ. ನಿಲ್ಲಿಸಿದರೆ ರಿಸೆಪ್ಟರ್‌ಗಳು ಮತ್ತೆ ಮೇಲೆ ಬರುತ್ತವೆ, ಸಾಮಾನ್ಯವಾಗಿ ಒಂದು ಒಂದೂವರೆ ವರ್ಷದೊಳಗೆ ಮುಟ್ಟು ಶುರುವಾಗುತ್ತದೆ. ಇದೇ ಕಾರಣಕ್ಕೆ, ತಿಂಗಳದ್ದಿರಲಿ ಮೂರು ತಿಂಗಳದ್ದಿರಲಿ, ಡೋಸ್ ತಾರೀಖು ತಪ್ಪಿಸಬೇಡಿ. ತಡವಾದರೆ ರಿಸೆಪ್ಟರ್‌ಗಳು ಎದ್ದು ಕೂರುತ್ತವೆ, ಮುಂದಿನ ಡೋಸ್ ಬಿದ್ದಾಗ ಹಾರ್ಮೋನ್ ಮತ್ತೆ ಒಮ್ಮೆ ಏರಬಹುದು.