ಕಾಫಿ ಕೊಯ್ಲು ಮತ್ತು ನೋವಿನ ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗಿನ ಮೆಡಿಕಲ್ ಶಾಪುಗಳಲ್ಲಿ ಒಂದು ಮಾತು ದಿನವೂ ಕೇಳಿಸುತ್ತದೆ: "ಸೊಂಟ ಹಿಡಿದಿದೆ, ಒಂದು ನೋವಿನ ಮಾತ್ರೆ ಕೊಡಿ." ಎಷ್ಟೋ ಸಲ ಕೈಗೆ ಬರುವುದು ಡೈಕ್ಲೋಫೆನಾಕ್.

ಮಾತ್ರೆ ಒಳ್ಳೆಯದೇ. ಉಳುಕು, ಮಂಡಿ ಊತ, ಹಲ್ಲುನೋವು, ಮುಟ್ಟಿನ ಹೊಟ್ಟೆನೋವು, ಎಲ್ಲಕ್ಕೂ ಆಗುತ್ತದೆ. ಪೆಟ್ಟಾದ ಜಾಗದಲ್ಲಿ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸುತ್ತದೆ. ಊತ, ನೋವು ಜಾಸ್ತಿಯಾಗುವುದು ಅದರಿಂದ. ಮಾತ್ರೆ ಅದನ್ನು ತಡೆಯುತ್ತದೆ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಸುವುದೂ ಇದೇ ಪ್ರೊಸ್ಟಗ್ಲಾಂಡಿನ್. ಸೊಂಟ ಯಾವುದು, ಹೊಟ್ಟೆ ಯಾವುದು ಅಂತ ಮಾತ್ರೆಗೆ ಗೊತ್ತಾಗುವುದಿಲ್ಲ, ಅಲ್ವಾ?

ಬೆಳಗ್ಗೆ ಬರೀ ಕಾಫಿ ಕುಡಿದು, ಮಾತ್ರೆ ನುಂಗಿ ತೋಟಕ್ಕಿಳಿಯುವವರಿದ್ದಾರೆ. ಸಂಜೆ ಮೂಟೆ ತೂಕ ಹಾಕಿಸಿದ ಮೇಲೆ ಇನ್ನೊಂದು. ರಾತ್ರಿ ಒಂದು ಗ್ಲಾಸು ಬೇರೆ, ಚಳಿಯ ನೆಪ! ವಾರಗಟ್ಟಲೆ ಹೀಗೇ ನಡೆದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಕೆಲವರಿಗೆ ಹೊಟ್ಟೆನೋವೇ ಇರುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾದಾಗಲೇ ಗೊತ್ತಾಗುವುದು. ಹಾಗಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮರುದಿನದ ಕೂಲಿ ಲೆಕ್ಕ ಹಾಕುತ್ತಾ ಕೂರಬೇಡಿ.

ಊಟದ ಮೇಲೆ ತೆಗೆದುಕೊಂಡರೆ ಉರಿ ಕಡಿಮೆ, ನಿಜ. ಹುಣ್ಣಿನ ಭಯ ಮಾತ್ರ ಪೂರ್ತಿ ಹೋಗುವುದಿಲ್ಲ. ಮದ್ದು ರಕ್ತದ ಮೂಲಕವೂ ಕೆಲಸ ಮಾಡುತ್ತದೆ. ಆದ್ದರಿಂದ ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ಏನೂ ಆಗಲ್ಲ ಅನ್ನುವುದು ಸುಮ್ನೆ ಮಾತು. ಮಂಡಿ, ಮಣಿಕಟ್ಟಿನ ನೋವಿಗೆ ಮೊದಲು ಹಚ್ಚುವ ಜೆಲ್ ನೋಡಿ. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಸ್ಟ್ರಿಪ್ಪಿನ ಹಿಂಬದಿಯನ್ನೂ ಓದಿ. ಹೆಸರು ಬೇರೆಯಿರುವ ಎರಡು ಮಾತ್ರೆಗಳಲ್ಲಿ ಒಂದೇ ಡೈಕ್ಲೋಫೆನಾಕ್ ಇರಬಹುದು. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು. ಐಬುಪ್ರೊಫೆನ್, ಎಸಿಕ್ಲೋಫೆನಾಕ್ ಇದರ ಬಳಗದವೇ. ಜೊತೆಗೆ ನುಂಗಬೇಡಿ.

ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಆಸ್ತಮಾ ಇರುವವರು ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಮಳೆಗಾಲದ ಜ್ವರ. ಮೈಕೈ ನೋವಿದೆ ಅಂತ ಮನೆಯಲ್ಲಿ ಉಳಿದ ಡೈಕ್ಲೋಫೆನಾಕ್ ನುಂಗಬೇಡಿ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಜಾಸ್ತಿಯಾಗಬಹುದು. ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳುವ ತನಕ ಪ್ಯಾರಸಿಟಮಾಲ್ ಸಾಕು, ಅದೂ ಅಳತೆ ಮೀರದಂತೆ. ನಮಸ್ಕಾರ.