ಮೊದಲ ಪುಸ್ತಕ ಮತ್ತು ಒಂದು ಹಾಳೆಯ ಕರಾರು

ಗೆಳೆಯರೇ,

ಎರಡು ದಿನಗಳಿಂದ ಈ ಕಮ್ಮಟದಲ್ಲಿ ನಿಮ್ಮಲ್ಲಿ ಹಲವರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದ್ದೀರಿ: ‘ನಮಗೆ ಯಾರ ಪರಿಚಯವೂ ಇಲ್ಲ, ಮೊದಲ ಪುಸ್ತಕವನ್ನು ಯಾರು ಹಾಕುತ್ತಾರೆ?’

ಲಂಡನ್, ನ್ಯೂಯಾರ್ಕಿನ ದೊಡ್ಡ ಪ್ರಕಾಶಕರಲ್ಲಿ ಬಹುಪಾಲು ಮಂದಿ ಲೇಖಕರ ಪರವಾಗಿ ವ್ಯವಹರಿಸುವ ಏಜೆಂಟರ ಕೈಯಿಂದ ಬಂದ ಹಸ್ತಪ್ರತಿಯನ್ನೇ ನೋಡುತ್ತಾರೆ. ಕನ್ನಡದಲ್ಲಿ ಆ ಪದ್ಧತಿ ಬೇರೂರಲಿಲ್ಲ. ಇಲ್ಲಿ ಲೇಖಕ ನೇರವಾಗಿ ಪ್ರಕಾಶಕರಿಗೇ ಬರೆಯಬಹುದು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ‘ಯಯಾತಿ’ಯನ್ನು ಪ್ರಕಟಿಸಿದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಗ್ರಂಥಮಾಲೆಯ ಜಿ.ಬಿ. ಜೋಶಿಯವರಿಗೂ ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿಯವರಿಗೂ ಹೊಸಬರ ಬರಹವನ್ನು ಕೂತು ಓದುವ ತಾಳ್ಮೆಯಿತ್ತು. ಅಂಥವರು ಇಂದೂ ಇದ್ದಾರೆ. ಅವರನ್ನು ಹುಡುಕಬೇಕು, ಅಷ್ಟೆ.

ಒಂದು ಪ್ರಕಾಶನದ ನಾಲ್ಕು ಪುಸ್ತಕಗಳನ್ನಾದರೂ ಓದಿ, ಆಮೇಲೆ ಪತ್ರ ಬರೆಯಿರಿ. ಕವಿತೆಯನ್ನೇ ಹಾಕದವರಿಗೆ ಕವನ ಸಂಕಲನ ಕಳಿಸಿ ವರ್ಷಗಟ್ಟಲೆ ಕಾದವರನ್ನು ಕಂಡು ಮರುಗಿದ್ದೇನೆ. ಕಥೆಗಾರರಿಗಾಗಿ ‘ಛಂದ ಪುಸ್ತಕ’ ಪ್ರಕಾಶನದವರು ಹಸ್ತಪ್ರತಿ ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ಪತ್ರಿಕೆಗಳಲ್ಲಿ ಅರ್ಜಿಯ ಪ್ರಕಟಣೆಗಾಗಿ ಕಣ್ಣಿಟ್ಟಿರಿ.

ಕರಡು ತಿದ್ದುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ನೀವು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ, ಡಿ.ಟಿ.ಪಿ. ಮಾಡುವವರು, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು, ಅದನ್ನು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಿಸುತ್ತಾರೆ. ಅಲ್ಲಿ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟುತ್ತದೆ. ಪರದೆಯ ಮೇಲೆ ಕಣ್ಣು ತಪ್ಪಿಸಿಕೊಳ್ಳುವ ದೋಷ ಕಾಗದದ ಮೇಲೆ ಸಿಗುತ್ತದೆ. ಮುದ್ರಿಸಿ, ಗಟ್ಟಿಯಾಗಿ ಓದಿ.

ಇನ್ನು ಹಣ. ನನ್ನ ಮೊದಲ ಸಂಕಲನಕ್ಕೆ ಸಾಲ ಮಾಡಿ ದುಡ್ಡು ಕಟ್ಟಿದ್ದೆ. ಬಂದದ್ದು ಐವತ್ತು ಗೌರವ ಪ್ರತಿ. ಉಳಿದವು ಎಷ್ಟು ಅಚ್ಚಾದವು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಎಷ್ಟು ಹೋದವು ಎಂದು ಕೇಳಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಹಿರಿಯರನ್ನು ಕಾಗದ ಕೇಳುವುದು ಅವಿಧೇಯತೆ ಎಂದುಕೊಂಡಿದ್ದೆ. ಆ ಸಂಕೋಚ ನಿಮಗೆ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಬರಹದಲ್ಲಿ ಸಹಿಯೊಡನೆ ಕೊಡದ ಹೊರತು ನಿಮ್ಮ ಹಕ್ಕು ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷವೆಂದೇ ಭಾವಿಸಲಾಗುತ್ತದೆ. ಎಷ್ಟು ಪ್ರತಿ, ಎಷ್ಟು ರಾಯಧನ, ಎಷ್ಟು ವರ್ಷ, ಅನುವಾದ ಮತ್ತು ಇ-ಪುಸ್ತಕದ ಹಕ್ಕು ಯಾರದು, ಇಷ್ಟನ್ನೂ ಬರೆಸಿಕೊಳ್ಳಿ. ಪ್ರಾಮಾಣಿಕ ಪ್ರಕಾಶಕರು ಇದಕ್ಕೆ ಬೇಸರಿಸುವುದಿಲ್ಲ, ಅವರಿಗೂ ಅದೇ ನೆಮ್ಮದಿ.

ನನ್ನ ಈಚಿನ ಪುಸ್ತಕದ ಕರಾರಿನ ನಕಲುಗಳನ್ನು ತಂದಿದ್ದೇನೆ. ಊಟವಾದ ಮೇಲೆ ಒಂದೊಂದು ಸಾಲನ್ನೂ ಒಟ್ಟಿಗೆ ಓದೋಣ.